ದಸರಾ ರಜೆಗೆ ಊರಿಗೆ ಹೊರಟಿದ್ದೀರಾ? ಪುಸ್ತಕದ ಚೀಲ ತುಂಬುವ ಮೊದಲು ಇದನ್ನು ಓದಿ

"ಮೇಡಂ, ಒಂಬತ್ತು ದಿನ ರಜೆ ಇತ್ತು. ಆದ್ರೂ ಸುಸ್ತು ಹೋಗೇ ಇಲ್ಲ. ಯಾಕೆ?"

ದಸರಾ ಮುಗಿಸಿಕೊಂಡು ಬಂದ ವಾರ ಈ ಪ್ರಶ್ನೆ ನನ್ನ ಮೇಜಿನವರೆಗೆ ಬರದ ವರ್ಷವೇ ಇಲ್ಲ. ಕೇಳುವವರ ಹೆಸರು, ಬ್ರಾಂಚು ಬದಲಾಗುತ್ತದೆ, ಕಥೆ ಒಂದೇ. ಮೊದಲ ಇಂಟರ್ನಲ್ಸ್ (ಸೆಮಿಸ್ಟರಿನ ನಡುವೆ ಕಾಲೇಜೇ ನಡೆಸುವ ಪರೀಕ್ಷೆ) ಮುಗಿದಿರುತ್ತದೆ, ಎರಡನೆಯದು ರಜೆಯ ಬೆನ್ನಿಗೇ ಕಾದಿರುತ್ತದೆ. ಊರಿಗೆ ಹೋಗುವಾಗ ನಾಲ್ಕು ಪಠ್ಯಪುಸ್ತಕ, ಎರಡು ಲ್ಯಾಬ್ ರೆಕಾರ್ಡು, ಲ್ಯಾಪ್‌ಟಾಪು ಎಲ್ಲ ಹೊತ್ತುಕೊಂಡು ಹೋಗಿರುತ್ತಾರೆ. ಅಲ್ಲಿ ಚೀಲದ ಜಿಪ್ಪನ್ನೂ ಎಳೆದಿರುವುದಿಲ್ಲ. ಆದರೆ ದಿನಕ್ಕೆ ಹತ್ತು ಸಲ ಆ ಚೀಲ ಕಣ್ಣಿಗೆ ಬಿದ್ದಿರುತ್ತದೆ. ಟಿವಿ ನೋಡುವಾಗ, ಊಟಕ್ಕೆ ಕೂತಾಗ, ದಿಂಬಿಗೆ ತಲೆ ಕೊಟ್ಟಾಗ "ಓದಬೇಕಿತ್ತು" ಅನ್ನುವುದು ಒಳಗೊಳಗೇ ಕೊರೆಯುತ್ತಿರುತ್ತದೆ. ಕೊನೆಗೆ ಓದೂ ಆಗಲಿಲ್ಲ, ವಿಶ್ರಾಂತಿಯೂ ಆಗಲಿಲ್ಲ.

ಓದುವ ದಿನ ಯಾವುದು, ಓದದ ದಿನ ಯಾವುದು ಎಂದು ಮೊದಲೇ ಬೇರೆ ಮಾಡಿಕೊಳ್ಳದಿರುವುದೇ ಇದಕ್ಕೆ ಮುಖ್ಯ ಕಾರಣ. ನಮ್ಮ ಹಿರಿಯರಿಗೆ ಇದು ಗೊತ್ತಿತ್ತು ಅನ್ನಿಸುತ್ತದೆ. ನವರಾತ್ರಿಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿ ಪೂಜೆಗೆ ಪುಸ್ತಕ ಇಟ್ಟರೆ ಎಷ್ಟೋ ಮನೆಗಳಲ್ಲಿ ವಿಜಯದಶಮಿವರೆಗೆ ಅದನ್ನು ಮುಟ್ಟುವಂತಿಲ್ಲ. ದಶಮಿಯ ದಿನ ತೆಗೆದು ನಾಲ್ಕು ಸಾಲು ಓದಿದರೆ ಸಾಕು. ಮುಟ್ಟದಿರುವ ದಿನಗಳಿಗೆ ಒಂದು ಗಡಿ, ಮತ್ತೆ ಶುರುಮಾಡಲು ಒಂದು ಚಿಕ್ಕ ಓದು. ಕೆಳಗಿನ ಹಂತಗಳನ್ನು ಬರೆಯುವಾಗ ಈ ಪದ್ಧತಿಯೇ ನನ್ನ ಮನಸ್ಸಿನಲ್ಲಿತ್ತು. ನಿಮ್ಮ ಮನೆಯಲ್ಲಿ ಈ ಪೂಜೆ ಇಲ್ಲದಿದ್ದರೂ ಪರವಾಗಿಲ್ಲ. ಚೀಲವನ್ನು ಅಟ್ಟದ ಮೇಲಿಟ್ಟರೂ ಕೆಲಸ ಆಗುತ್ತದೆ.

ಇದನ್ನು ಬರೆದಿರುವುದು ಹೆಚ್ಚಾಗಿ ಹಾಸ್ಟೆಲ್, ಪಿಜಿಗಳಲ್ಲಿರುವ ಇಂಜಿನಿಯರಿಂಗ್ ಮತ್ತು ಪದವಿ ವಿದ್ಯಾರ್ಥಿಗಳಿಗಾಗಿ. ಏಳರಿಂದ ಹತ್ತು ದಿನದ ರಜೆ ಎಂದಿಟ್ಟುಕೊಂಡು ಹೇಳಿದ್ದೇನೆ. ಯುಗಾದಿ ಸಮಯದ ರಜೆಗೂ ಇದನ್ನೇ ಬಳಸಬಹುದು. ಪರೀಕ್ಷೆಗೆ ಮೊದಲು ಕೊಡುವ ಸ್ಟಡಿ ಹಾಲಿಡೇಸ್‌ಗೆ ಮಾತ್ರ ಇದು ಹೊಂದುವುದಿಲ್ಲ, ಅದರ ಲೆಕ್ಕವೇ ಬೇರೆ.

ಮೊದಲು ಕೈಗೆ ಬೇಕಾದದ್ದು

ಒಂದು ಬಿಳಿ ಹಾಳೆ, ಪೆನ್ನು, ಕಾಲೇಜಿನ ಕ್ಯಾಲೆಂಡರ್ ಆಫ್ ಈವೆಂಟ್ಸ್ (ಸೆಮಿಸ್ಟರಿನ ಇಂಟರ್ನಲ್ಸ್, ರಜೆ, ಕೊನೆಯ ಕ್ಲಾಸಿನ ದಿನಾಂಕಗಳಿರುವ ಪಟ್ಟಿ), ನಿಮ್ಮ ಈವರೆಗಿನ ಹಾಜರಾತಿ. ಇಷ್ಟು ಸಾಕು. ಪ್ಲ್ಯಾನರ್ ಆ್ಯಪು, ಬಣ್ಣದ ಪೆನ್ನು ಬೇಡ. ಯೋಜನೆ ಮಾಡುವುದರಲ್ಲೇ ಒಂದು ದಿನ ಕಳೆದವರನ್ನು ನೋಡಿದ್ದೇನೆ.

ಹಂತ 1: ಹೊರಡುವ ಎರಡು ದಿನ ಮೊದಲು ತಲೆಯಲ್ಲಿರುವುದನ್ನೆಲ್ಲ ಹಾಳೆಗೆ ಇಳಿಸಿ

ಬಾಕಿ ಇರುವ ಕೆಲಸ ಒಂದನ್ನೂ ಬಿಡದೆ ಬರೆಯಿರಿ. ಎರಡು ಅಸೈನ್‌ಮೆಂಟು, ಲ್ಯಾಬ್ ರೆಕಾರ್ಡಿನಲ್ಲಿ ನಾಲ್ಕು ಪ್ರಯೋಗ, ಮಿನಿ ಪ್ರಾಜೆಕ್ಟಿನ ಮೊದಲ ಸ್ಲೈಡು, ಸ್ಕಾಲರ್‌ಶಿಪ್ ಅರ್ಜಿ, ಮೆಸ್ ಬಿಲ್ಲು, ಗೆಳೆಯನಿಗೆ ಕೊಡಬೇಕಾದ ದುಡ್ಡು. ಓದಿಗೆ ಸಂಬಂಧಿಸದ್ದನ್ನೂ ಬರೆಯಬೇಕು. ಮನಸ್ಸನ್ನು ಕೊರೆಯುವುದರಲ್ಲಿ ಅರ್ಧ ಅವೇ ಇರುತ್ತವೆ.

ಬರೆದಾದ ಮೇಲೆ ಒಂದೊಂದರ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಹೊರಡುವ ಮೊದಲೇ ಮುಗಿಸುವುದು, ಊರಲ್ಲಿ ಮಾಡುವುದು, ಬಂದ ಮೇಲೆ ಮಾಡುವುದು. ಪ್ರತಿಯೊಂದಕ್ಕೂ ದಿನ ಬರೆಯಿರಿ. ದಿನ ಬರೆಯದ ಕೆಲಸ ರಜೆಯ ಒಂಬತ್ತೂ ದಿನ ನಿಮ್ಮ ಜೊತೆಯಲ್ಲೇ ಇರುತ್ತದೆ.

ಈ ಹಂತದಲ್ಲಿ ಎರಡು ಲೆಕ್ಕ ತಪ್ಪಬಾರದು.

ಮೊದಲನೆಯದು ಹಾಜರಾತಿ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಕಾಲೇಜುಗಳಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಾತಿ ಬೇಕು. ಬಹಳಷ್ಟು ಪದವಿ ಕಾಲೇಜುಗಳಲ್ಲಿ ಶೇ. 75. ಒಂದು ವಿಷಯಕ್ಕೆ ಸೆಮಿಸ್ಟರಿನಲ್ಲಿ 48 ಕ್ಲಾಸು ಎಂದುಕೊಳ್ಳಿ. ಶೇ. 85 ಎಂದರೆ 41 ಕ್ಲಾಸಿಗೆ ಕೂರಲೇಬೇಕು, ತಪ್ಪಿಸಬಹುದಾದದ್ದು 7 ಮಾತ್ರ. ಜ್ವರಕ್ಕೆ 3, ಅಕ್ಕನ ನಿಶ್ಚಿತಾರ್ಥಕ್ಕೆ 2 ಆಗಲೇ ಹೋಗಿದ್ದರೆ ಉಳಿದದ್ದು 2. ಸೆಮಿಸ್ಟರ್ ಇನ್ನೂ ಅರ್ಧ ಬಾಕಿ ಇದೆ. "ಎಲ್ಲರೂ ಹೋಗ್ತಿದ್ದಾರೆ, ಒಂದಿನ ಮುಂಚೆ ಬಸ್ ಹತ್ತೋಣ" ಎಂದು ಹೊರಟು, ಬರುವಾಗ ಇನ್ನೊಂದು ದಿನ ತಡ ಮಾಡಿದರೆ ಆ ಎರಡೂ ಹೋದವು. ಮುಂದೆ ನಿಜವಾಗಿ ಕಾಯಿಲೆ ಬಿದ್ದಾಗ ಕಂಡೋನೇಷನ್‌ಗೆ ಓಡಾಡಬೇಕಾಗುತ್ತದೆ. ಕಂಡೋನೇಷನ್ ಎಂದರೆ ಅನಾರೋಗ್ಯದಂಥ ಕಾರಣಕ್ಕೆ ಹಾಜರಾತಿ ಕೊರತೆಯನ್ನು ಮನ್ನಿಸುವುದು. ಅದು ಕೇಳಿದವರಿಗೆಲ್ಲ ಸಿಗುವುದಲ್ಲ, ದಾಖಲೆ ಬೇಕು, ಅದಕ್ಕೂ ಮಿತಿ ಇದೆ.

ಎರಡನೆಯದು ಸಿಐಇ. ಇದು ಸೆಮಿಸ್ಟರ್ ಉದ್ದಕ್ಕೂ ಕಾಲೇಜೇ ಕೊಡುವ ಆಂತರಿಕ ಅಂಕ, ನಾವೆಲ್ಲ ಇಂಟರ್ನಲ್ಸ್ ಎನ್ನುವುದು. ಕೊನೆಯಲ್ಲಿ ವಿಶ್ವವಿದ್ಯಾಲಯ ನಡೆಸುವ ಪರೀಕ್ಷೆ ಎಸ್ಇಇ. ವಿಟಿಯುವಿನ 2022ರ ಸ್ಕೀಮಿನಲ್ಲಿ ಸಿಐಇಗೆ 50, ಎಸ್ಇಇಗೆ 50. ಸಿಐಇಯಲ್ಲಿ ಕನಿಷ್ಠ 20 ಬರದಿದ್ದರೆ ಎಸ್ಇಇಗೆ ಕೂರಿಸುವುದಿಲ್ಲ. ಮೊದಲ ಇಂಟರ್ನಲ್ಸಿನಲ್ಲಿ ಕಡಿಮೆ ಬಂದ ವಿಷಯ ಯಾವುದು, ಇನ್ನೆಷ್ಟು ಬೇಕು ಎಂದು ಹಾಳೆಯ ಮೇಲೆ ಬರೆದುಬಿಡಿ. "ಎಲ್ಲಾ ಸಬ್ಜೆಕ್ಟೂ ಹೋಯ್ತು" ಎಂದು ಅಳುತ್ತಾ ಬಂದ ಹುಡುಗಿಯೊಬ್ಬಳು ಬರೆದು ನೋಡಿದಾಗ ತೊಂದರೆ ಇದ್ದದ್ದು ಒಂದೇ ವಿಷಯದಲ್ಲಿ, ಅಲ್ಲೂ ಬೇಕಾಗಿದ್ದದ್ದು ಎಂಟು ಅಂಕ. ಎಂಟು ಅಂಕ ಓದಿ ತೆಗೆಯಬಹುದು. "ಎಲ್ಲಾ ಹೋಯ್ತು" ಅನ್ನುವುದನ್ನು ಇಟ್ಟುಕೊಂಡು ಏನೂ ಮಾಡಲಾಗುವುದಿಲ್ಲ.

ಹಂತ 2: ಒಂದೇ ವಿಷಯದ ಪುಸ್ತಕ ತೆಗೆದುಕೊಂಡು ಹೋಗಿ

ಹೌದು, ಒಂದೇ. ಹೆಚ್ಚೆಂದರೆ ಒಂದು ವಿಷಯ ಮತ್ತು ಬರೆಯಬೇಕಾದ ಒಂದು ರೆಕಾರ್ಡು. ಯಾವುದು ಎಂದು ಹಂತ 1ರ ಹಾಳೆಯೇ ಹೇಳುತ್ತದೆ. ಉಳಿದದ್ದು ರೂಮಿನಲ್ಲೇ ಇರಲಿ.

"ಅಷ್ಟು ದಿನ ಓದದಿದ್ದರೆ ಎಲ್ಲ ಮರೆತು ಹೋಗುತ್ತೆ ಮೇಡಂ" ಅನ್ನುತ್ತೀರಿ. ಮರೆವಿನ ಬಗ್ಗೆ ಮೊಟ್ಟಮೊದಲು ಕ್ರಮವಾಗಿ ಪ್ರಯೋಗ ಮಾಡಿದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ತಮ್ಮ ಮೇಲೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಪ್ರಕಟಿಸಿದರು. ಕಲಿತದ್ದು ಮೊದಲ ಕೆಲವು ಗಂಟೆಗಳಲ್ಲೇ ಬೇಗ ಸೋರಿಹೋಗುತ್ತದೆ, ಆಮೇಲೆ ಸೋರುವುದು ನಿಧಾನವಾಗುತ್ತದೆ ಎಂಬುದು ಅವರು ಕಂಡದ್ದು. ಅದರ ಜೊತೆಗೆ ಕಂಡ ಇನ್ನೊಂದು ಮಾತನ್ನು ಯಾರೂ ಹೇಳುವುದಿಲ್ಲ: ಮರೆತೇಹೋಯಿತು ಅಂದುಕೊಂಡದ್ದನ್ನು ಮತ್ತೆ ಕಲಿಯಲು ಮೊದಲ ಸಲಕ್ಕಿಂತ ಕಡಿಮೆ ಸಮಯ ಸಾಕು. ಹಾಗಾಗಿ ನಾಲ್ಕು ದಿನ ಪುಸ್ತಕ ಮುಚ್ಚಿಟ್ಟರೆ ನೀವು ಸೊನ್ನೆಗೆ ಇಳಿಯುವುದಿಲ್ಲ.

ಪ್ರಯಾಣದ ಬಗ್ಗೆ ಒಂದು ಮಾತು. ಆಯುಧಪೂಜೆಯ ಹಿಂದಿನ ರಾತ್ರಿ ಮೆಜೆಸ್ಟಿಕ್ಕಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಖಾಸಗಿ ಬಸ್ಸಿನ ದರ ಬಾಯಿಗೆ ಬಂದಂತೆ ಏರಿರುತ್ತದೆ. ಕ್ಯಾಲೆಂಡರ್ ಸಿಕ್ಕ ದಿನವೇ ಹೋಗುವ ಮತ್ತು ಬರುವ ಎರಡೂ ಟಿಕೆಟ್ ಮಾಡಿಸಿ. ಬರುವ ಟಿಕೆಟ್ ಯಾವ ದಿನಕ್ಕೆ ಎಂಬುದನ್ನು ಹಂತ 7ರಲ್ಲಿ ಹೇಳಿದ್ದೇನೆ, ಅದನ್ನು ನೋಡಿಯೇ ಮಾಡಿಸಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ರಾಜ್ಯದ ಸಾರಿಗೆ ಸಂಸ್ಥೆಗಳ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎಸಿ ಬಸ್ಸುಗಳಿಗೆ ಅದು ಅನ್ವಯಿಸುವುದಿಲ್ಲ. ಹಬ್ಬದ ನೂಕುನುಗ್ಗಲಿನಲ್ಲಿ ಎಂಟು ಗಂಟೆ ನಿಂತು ಹೋಗುವ ಬದಲು ಹಗಲಿನ ಬಸ್ಸು ಹಿಡಿಯುವುದು ಒಳ್ಳೆಯದು.

ಹಂತ 3: ಮೊದಲ ಮೂರು ದಿನ ಪುಸ್ತಕ ಮುಚ್ಚಿ, ನಿದ್ದೆ ಸರಿಮಾಡಿಕೊಳ್ಳಿ

ಮನೆ ತಲುಪಿದ ಕೂಡಲೇ ಚೀಲವನ್ನು ಕಣ್ಣಿಗೆ ಬೀಳದ ಕಡೆ ಇಡಿ. ದೇವರ ಮುಂದೆಯೋ ಅಟ್ಟದ ಮೇಲೋ ಬೀರುವಿನ ಒಳಗೋ, ನಿಮ್ಮ ಇಷ್ಟ. "ನಾಲ್ಕನೇ ದಿನ ಬೆಳಿಗ್ಗೆ ತೆಗೀತೀನಿ" ಎಂದು ಅಮ್ಮನಿಗೂ ಹೇಳಿಬಿಡಿ. ಹಾಗೆ ಹೇಳಿದರೆ "ಓದ್ಕೋಬಾರ್ದಾ" ಅನ್ನುವ ಮಾತು ಮೂರು ದಿನ ಬರುವುದಿಲ್ಲ.

ಈ ಮೂರು ದಿನದ ಮುಖ್ಯ ಕೆಲಸ ನಿದ್ದೆ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು. ಇಂಟರ್ನಲ್ಸ್ ವಾರದಲ್ಲಿ ನಾಲ್ಕೈದು ಗಂಟೆ ಮಲಗಿದವರಿಗೆ ಸಾಲ ಬೆಳೆದಿರುತ್ತದೆ. ಆ ಸಾಲವನ್ನು ಹೇಗೆ ತೀರಿಸುತ್ತೀರಿ ಎಂಬಲ್ಲಿಯೇ ಹೆಚ್ಚಿನವರು ಎಡವುವುದು.

ಸಾಮಾನ್ಯ ತಪ್ಪು ಹೀಗಿರುತ್ತದೆ. ಮೊದಲ ದಿನ ಹನ್ನೊಂದಕ್ಕೆ ಏಳುತ್ತಾರೆ. ರಾತ್ರಿ ನಿದ್ದೆ ಬರುವುದಿಲ್ಲ, ಎರಡರವರೆಗೆ ರೀಲ್ಸ್ ನೋಡುತ್ತಾರೆ. ಮರುದಿನ ಹನ್ನೆರಡಕ್ಕೆ ಏಳುತ್ತಾರೆ. ಮೂರನೇ ದಿನಕ್ಕೆ ಮನೆಯವರೆಲ್ಲ ಒಂದು ಗಡಿಯಾರದಲ್ಲಿ, ಇವರೊಬ್ಬರು ಇನ್ನೊಂದರಲ್ಲಿ. ನಮ್ಮ ದೇಹದೊಳಗೊಂದು ಗಡಿಯಾರವಿದೆ. ಅದನ್ನು ದಿನದಿನವೂ ಸರಿಹೊಂದಿಸುವುದು ಮುಖ್ಯವಾಗಿ ಬೆಳಗಿನ ಬೆಳಕು. ನಡುಮಧ್ಯಾಹ್ನ ಎದ್ದವರಿಗೆ ಆ ಬೆಳಕೇ ಸಿಗುವುದಿಲ್ಲ. ರಜೆ ಮುಗಿದ ಸೋಮವಾರ ಮೊದಲ ಪೀರಿಯಡ್‌ನಲ್ಲಿ ತೂಗುವ ಕಣ್ಣುಗಳಿಗೆ ಇದೇ ಕಾರಣ.

ಹಾಗಾಗಿ ರಾತ್ರಿ ಬೇಗ ಮಲಗಿ ಸಾಲ ತೀರಿಸಿ, ಬೆಳಿಗ್ಗೆ ತಡಮಾಡಿ ಅಲ್ಲ. ಹತ್ತಕ್ಕೆ ಮಲಗಿ ಏಳಕ್ಕೆ ಎದ್ದರೆ ಒಂಬತ್ತು ಗಂಟೆ ಆಯಿತು. ಕಾಲೇಜಿನ ದಿನ ಏಳುವ ಹೊತ್ತಿಗಿಂತ ಹೆಚ್ಚೆಂದರೆ ಒಂದು ಗಂಟೆ ತಡವಾಗಬಹುದು. ಎದ್ದ ಮೇಲೆ ಅರ್ಧ ಗಂಟೆ ಅಂಗಳದಲ್ಲೋ ತೋಟದಲ್ಲೋ ಬಿಸಿಲಿಗೆ ಬನ್ನಿ. ಮಧ್ಯಾಹ್ನ ಕಣ್ಣು ಎಳೆದರೆ ಇಪ್ಪತ್ತು ಮೂವತ್ತು ನಿಮಿಷ ಸಾಕು. ಸಂಜೆ ಐದರ ನಂತರ ಕಾಫಿ ಬೇಡ. ಕುಡಿದ ಕಾಫಿಯ ಕೆಫೀನು ಸುಮಾರು ಐದು ಗಂಟೆ ಕಳೆದರೂ ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಹಬ್ಬದ ಮನೆಯಲ್ಲಿ ಬಂದವರಿಗೆಲ್ಲ ಕಾಫಿ ಮಾಡುವಾಗ ನಿಮಗೂ ಅರ್ಧ ಲೋಟ ಬರುತ್ತಲೇ ಇರುತ್ತದೆ, ನೋಡಿಕೊಳ್ಳಿ.

ಇನ್ನೊಂದು ವಿಷಯಕ್ಕೆ ಹೆದರಬೇಡಿ. ರಜೆಯ ಮೊದಲೆರಡು ದಿನ ಕೆಲವರಿಗೆ ತಲೆನೋವು, ನೆಗಡಿ, ಕಾರಣವಿಲ್ಲದ ಸಿಡುಕು, ಸುಮ್ಮಸುಮ್ಮನೆ ಅಳು ಬರುತ್ತದೆ. ವಾರಗಟ್ಟಲೆ ಬಿಗಿಹಿಡಿದ ದೇಹ ಒಮ್ಮೆಲೇ ಸಡಿಲವಾದಾಗ ಹೀಗಾಗುವುದುಂಟು. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ ಸಿಕ್ಕರೆ ಸಾಮಾನ್ಯವಾಗಿ ಮೂರು ದಿನದಲ್ಲಿ ತಿಳಿಯಾಗುತ್ತದೆ. ಜ್ವರ ಬಂದರೆ ಮಾತ್ರ ವೈದ್ಯರ ಬಳಿ ಹೋಗಿ, "ಸ್ಟ್ರೆಸ್ಸು" ಎಂದು ಸುಮ್ಮನಿರಬೇಡಿ.

ಹಂತ 4: ಮಾರ್ಕ್ಸಿನ ಮಾತು ನೀವೇ ತೆಗೆಯಿರಿ

ಮನೆಯಲ್ಲಿ ವಿಶ್ರಾಂತಿ ಸಿಗದಿರಲು ಎಷ್ಟೋ ಮಕ್ಕಳಿಗೆ ಕೆಲಸ ಕಾರಣವಲ್ಲ, ಮುಚ್ಚಿಟ್ಟ ವಿಷಯ ಕಾರಣ. ಹೋದ ಸೆಮಿಸ್ಟರಿನ ಬ್ಯಾಕ್‌ಲಾಗ್ (ಪಾಸಾಗದೆ ಉಳಿದ ವಿಷಯ) ಅಪ್ಪನಿಗೆ ಗೊತ್ತಿರುವುದಿಲ್ಲ. ಫೋನಿಗೆ ಕಾಲೇಜಿನಿಂದ ಮೆಸೇಜು ಬಂದೀತೇ ಎಂಬ ಹೆದರಿಕೆ. ಹಬ್ಬಕ್ಕೆ ಬಂದ ದೊಡ್ಡಪ್ಪ ಎಲ್ಲರ ಮುಂದೆ "ಎಷ್ಟು ಪರ್ಸೆಂಟೇಜು?" ಅಂದರೆ ಹೋಳಿಗೆ ಗಂಟಲಲ್ಲಿ ಇಳಿಯುವುದಿಲ್ಲ.

ಇದನ್ನು ಎರಡನೇ ದಿನವೇ ಮುಗಿಸಿಬಿಡಿ. ಹಬ್ಬದ ದಿನ ಬೇಡ, ನೆಂಟರಿರುವಾಗ ಬೇಡ, ಬಸ್ ಹತ್ತುವ ಹೊತ್ತಿಗಂತೂ ಬೇಡವೇ ಬೇಡ. ಮನೆಯಲ್ಲಿ ಯಾರ ಜೊತೆ ಸಲಿಗೆ ಇದೆಯೋ ಅವರಿಗೆ ಮೊದಲು ಹೇಳಿ: ಅಮ್ಮ, ಅಕ್ಕ, ಚಿಕ್ಕಪ್ಪ, ಯಾರಾದರೂ. ಹೇಳುವಾಗ ಆದದ್ದು, ಮುಂದೆ ಮಾಡುವುದು, ನಿಮಗೆ ಬೇಕಾದದ್ದು ಮೂರೂ ಒಟ್ಟಿಗೆ ಇರಲಿ. ಉದಾಹರಣೆಗೆ:

"ಅಮ್ಮ, ಹೋದ ಸಲ ಮ್ಯಾಥ್ಸ್ ಹೋಗಿದೆ. ಜನವರಿಲಿ ಮತ್ತೆ ಬರೀತೀನಿ, ದಿನಾ ಬೆಳಿಗ್ಗೆ ಒಂದು ಗಂಟೆ ಅದಕ್ಕೇ ಇಟ್ಟಿದೀನಿ. ಅಪ್ಪಂಗೆ ಹೇಳುವಾಗ ನೀನು ಜೊತೇಲಿರು."

ಬೈಗುಳ ಬರಬಹುದು. ಅಪ್ಪ ಅರ್ಧ ದಿನ ಮಾತು ಬಿಡಬಹುದು. ಆದರೆ ಎರಡನೇ ದಿನ ಹೇಳಿದರೆ ಆ ಸಿಟ್ಟು ಇಳಿಯಲು ಇನ್ನೂ ಒಂದು ವಾರ ಇರುತ್ತದೆ. ಇದನ್ನು ಮುಂದೂಡಬೇಡಿ ಎಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಈ ಪಟ್ಟಿಯಲ್ಲಿ ಒಂದೇ ಒಂದು ಹಂತ ಮಾಡಲು ಸಾಧ್ಯ ಎನ್ನುವವರು ಇದನ್ನೇ ಮಾಡಿ.

ಇದನ್ನು ತಂದೆತಾಯಿ ಓದುತ್ತಿದ್ದರೆ: ಮಕ್ಕಳು ಬಾಗಿಲೊಳಗೆ ಬಂದ ಮೊದಲ ದಿನ ಅಂಕದ ಮಾತೆತ್ತಬೇಡಿ. ಊಟ ಮಾಡಿ ಮಲಗಲಿ. ಪಕ್ಕದ ಮನೆಯ ಹುಡುಗನ ಪ್ಲೇಸ್‌ಮೆಂಟಿನ ಸುದ್ದಿಯೂ ಸ್ವಲ್ಪ ದಿನ ಕಾಯಬಹುದು.

ಹಂತ 5: ನಾಲ್ಕನೇ ದಿನದಿಂದ ಬೆಳಿಗ್ಗೆ ಎರಡು ಗಂಟೆ

ಮೊದಲ ದಿನ ಅರ್ಧ ಗಂಟೆಯಿಂದ ಶುರುಮಾಡಿ, ದಶಮಿಯ ನಾಲ್ಕು ಸಾಲಿನ ಹಾಗೆ. ಮರುದಿನದಿಂದ ಎರಡು ಗಂಟೆ. ತಿಂಡಿಗೆ ಮೊದಲೋ ತಿಂಡಿಯಾದ ಕೂಡಲೇಯೋ, ದಿನವೂ ಒಂದೇ ಹೊತ್ತು ಇರಲಿ. ಎರಡು ಗಂಟೆಯಾದ ಮೇಲೆ ಪುಸ್ತಕ ಮುಚ್ಚಿ ಮತ್ತೆ ಅದರ ಜಾಗದಲ್ಲಿಡಿ. ಉತ್ಸಾಹ ಬಂತು ಎಂದು ಆರು ಗಂಟೆ ಕೂತವರು ಮರುದಿನ ಪುಸ್ತಕದ ಹತ್ತಿರ ಸುಳಿಯುವುದಿಲ್ಲ.

ಹೇಗೆ ಓದುವುದು? ಹಾಳೆ ತಿರುವುತ್ತಾ ಹಳದಿ ಗೆರೆ ಎಳೆಯುವುದರಿಂದ ಓದಿದೆ ಎಂಬ ಸಮಾಧಾನ ಸಿಗುತ್ತದೆ, ನೆನಪು ಅಷ್ಟಾಗಿ ಸಿಗುವುದಿಲ್ಲ. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಖಾಲಿ ಹಾಳೆಯ ಮೇಲೆ ಬರೆಯಿರಿ. ಆಮೇಲೆ ತೆರೆದು ಬಿಟ್ಟುಹೋದದ್ದನ್ನು ಬೇರೆ ಬಣ್ಣದಲ್ಲಿ ಸೇರಿಸಿ. ಮೊದಮೊದಲು ಬೇಸರ ಆಗುತ್ತದೆ, ಏನೂ ನೆನಪಿಲ್ಲವಲ್ಲ ಎಂದು. ನೆನಪಿನಿಂದ ಎಳೆದು ತೆಗೆಯುವ ಆ ಕಷ್ಟವೇ ವಿಷಯವನ್ನು ಗಟ್ಟಿಮಾಡುವುದು. ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆ ಇದ್ದರೆ ದಿನಕ್ಕೊಂದು ಪ್ರಶ್ನೆ ಗಡಿಯಾರ ಇಟ್ಟುಕೊಂಡು ಬರೆದು ನೋಡಿ. ರೆಕಾರ್ಡು ಬರೆಯುವುದನ್ನು ಈ ಎರಡು ಗಂಟೆಯಲ್ಲಿ ಸೇರಿಸಬೇಡಿ, ಅದು ಕೈಕೆಲಸ. ಸಂಜೆ ಅಜ್ಜಿಯ ಜೊತೆ ಮಾತಾಡುತ್ತಲೂ ಬರೆಯಬಹುದು.

ಮನೆಕೆಲಸ ಇರುವವರಿಗೆ: ದಾವಣಗೆರೆ, ಹಾವೇರಿ ಕಡೆಯ ಮಕ್ಕಳಿಗೆ ದಸರೆಯ ಹೊತ್ತಿಗೆ ಮೆಕ್ಕೆಜೋಳ ಮುರಿಯುವ ಕೆಲಸ ಕಾದಿರುತ್ತದೆ. ಹೊಲದ ಕೆಲಸ ವಿಶ್ರಾಂತಿಗೆ ಶತ್ರುವಲ್ಲ. ತಿಂಗಳುಗಟ್ಟಲೆ ಕುರ್ಚಿಯಲ್ಲಿ ಕೂತ ಮೈಗೆ, ತಲೆಗೆ ಅದು ಒಳ್ಳೆಯದೇ, ರಾತ್ರಿ ನಿದ್ದೆಯೂ ಬರುತ್ತದೆ. ಆದರೆ ಬೆಳಗಿನ ಎರಡು ಗಂಟೆ ನಿಮ್ಮದು ಎಂದು ಮೊದಲ ದಿನವೇ ಕೇಳಿ ಒಪ್ಪಿಸಿಕೊಳ್ಳಿ. ಹೆಣ್ಣುಮಕ್ಕಳಿಗೆ ಹಬ್ಬದ ಅಡುಗೆ, ಪಾತ್ರೆ, ನೆಂಟರ ಉಪಚಾರ ಎಲ್ಲವೂ ಬೀಳುತ್ತದೆ, ತಮ್ಮ ಮಾತ್ರ ಕ್ರಿಕೆಟ್ ಆಡುತ್ತಿರುತ್ತಾನೆ. ಆ ಎರಡು ಗಂಟೆಯ ಕೆಲಸವನ್ನು ಅವನಿಗೆ ಹೆಸರು ಹಿಡಿದು ಒಪ್ಪಿಸಿ.

ಫೋನಿನ ವಿಷಯದಲ್ಲಿ ಒಂದೇ ನಿಯಮ ಸಾಕು: ಕ್ಲಾಸಿನ ವಾಟ್ಸ್ಆ್ಯಪ್ ಗುಂಪನ್ನು ಮ್ಯೂಟ್ ಮಾಡಿ ಸಂಜೆ ಆರಕ್ಕೆ ಒಂದು ಸಲ ನೋಡಿ. "ನಾನು ಮೂರು ಮಾಡ್ಯೂಲ್ ಮುಗಿಸಿದೆ" ಎಂದು ರಾತ್ರಿ ಹನ್ನೊಂದಕ್ಕೆ ಬರುವ ಮೆಸೇಜಿನಿಂದ ನಿಮಗೆ ಒಂದು ಅಂಕವೂ ಬರುವುದಿಲ್ಲ, ನಿದ್ದೆ ಮಾತ್ರ ಹೋಗುತ್ತದೆ. ಇಂಟರ್ನಲ್ಸ್ ದಿನಾಂಕ ಬದಲಾದರೆ ತಿಳಿಸಲು ಒಬ್ಬ ಗೆಳೆಯನಿಗೆ ಹೇಳಿಟ್ಟಿರಿ.

ಊರಿಗೆ ಹೋಗಲಾಗದವರಿಗೆ

ಪಾರ್ಟ್‌ಟೈಮ್ ಕೆಲಸ, ದೂರದ ಊರು, ದುಡ್ಡಿನ ತಾಪತ್ರಯ, ಕಾರಣ ಏನೇ ಇರಲಿ, ಹಾಸ್ಟೆಲಿನಲ್ಲೇ ಉಳಿಯುವವರು ಮೊದಲು ಮೆಸ್ ತೆರೆದಿರುತ್ತದೆಯೇ ಎಂದು ವಾರ್ಡನ್ನರನ್ನು ಕೇಳಿ. ರಜೆಯಲ್ಲಿ ಮ್ಯಾಗಿ, ಬನ್ನು ತಿಂದುಕೊಂಡು ಒಬ್ಬರೇ ರೂಮಿನಲ್ಲಿರುವುದು ಕ್ಲಾಸಿನ ದಿನಗಳಿಗಿಂತ ಹೆಚ್ಚು ಸುಸ್ತು ಮಾಡುತ್ತದೆ. ದಿನಕ್ಕೊಂದು ಹೊತ್ತಾದರೂ ಯಾರ ಜೊತೆಗಾದರೂ ಕೂತು ಊಟ ಮಾಡಿ. ಊರು ಹತ್ತಿರವಿರುವ ಗೆಳೆಯ ಹಬ್ಬಕ್ಕೆ ಕರೆದರೆ ಸಂಕೋಚಪಡದೆ ಹೋಗಿ.

ಮನೆಯೇ ಒತ್ತಡವಾಗಿರುವವರೂ ಇದ್ದಾರೆ. ಕುಡಿತದ ಜಗಳ, "ಓದು ಸಾಕು, ಗಂಡು ನೋಡಿದೀವಿ" ಎಂಬ ಮಾತು. ಅಂಥವರು ಒಂಬತ್ತೂ ದಿನ ಅಲ್ಲೇ ಇರಬೇಕೆಂದಿಲ್ಲ. ಮೂರು ದಿನ ಮನೆ, ಉಳಿದದ್ದು ಅಜ್ಜಿಯ ಮನೆಯೋ ಹಾಸ್ಟೆಲ್ಲೋ ಎಂದು ಮೊದಲೇ ಹಂಚಿಕೊಳ್ಳಿ. ಲ್ಯಾಬ್ ಕೆಲಸವಿದೆ ಎಂದು ಬೇಗ ಹೊರಟರೆ ಅದರಲ್ಲಿ ತಪ್ಪಿಲ್ಲ.

ಕೆನಡಾ, ಬ್ರಿಟನ್ ಕಡೆ ಓದುತ್ತಿರುವ ನಮ್ಮ ಮಕ್ಕಳಿಗೂ ಒಂದು ಮಾತು. ಅಲ್ಲಿನ ರೀಡಿಂಗ್ ವೀಕ್ ಎಂದರೆ ಸೆಮಿಸ್ಟರಿನ ನಡುವೆ ಪಾಠ ನಿಲ್ಲಿಸಿ ಓದಿಗೂ ವಿಶ್ರಾಂತಿಗೂ ಕೊಡುವ ವಾರ. ಕೆನಡಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಅದು ಅಕ್ಟೋಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಸುಪಾಸಿನಲ್ಲೇ ಬರುವುದರಿಂದ ಕೆಲವು ವರ್ಷ ನಮ್ಮ ದಸರೆಗೂ ಹತ್ತಿರವಿರುತ್ತದೆ. ಆ ವಾರವನ್ನು ಪೂರ್ತಿ ಕೆಲಸದ ಶಿಫ್ಟಿಗೆ ಕೊಟ್ಟುಬಿಡಬೇಡಿ. ಹಂತ 3ರ ಮೂರು ದಿನ ನಿಮಗೂ ಬೇಕು.

ಹಂತ 6: ರಜೆಯಿಂದ ಸರಿಹೋಗದಿದ್ದರೆ ಗುರುತಿಸಿ

ಪರೀಕ್ಷೆಯ ಒತ್ತಡ ಪರೀಕ್ಷೆಯ ಜೊತೆ ಹೋಗುತ್ತದೆ. ನಿದ್ದೆ, ಊಟ, ಮನೆಯವರ ಸಂಗ ಸಿಕ್ಕರೆ ಐದಾರು ದಿನದಲ್ಲಿ ಮನಸ್ಸು ಹಗುರವಾಗಬೇಕು. ಆಗದೆ, ಕೆಳಗಿನವು ಎರಡು ವಾರದಿಂದ ಬಿಡದೆ ಇದ್ದರೆ ಅದಕ್ಕೆ ರಜೆ ಸಾಲದು, ಚಿಕಿತ್ಸೆ ಬೇಕು: ಹಿಂದೆ ಇಷ್ಟವಿದ್ದ ಯಾವುದೂ ರುಚಿಸದಿರುವುದು, ಬೆಳಗಿನ ಜಾವ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದು, ಸ್ನಾನಕ್ಕೂ ಎದ್ದು ಹೋಗಲು ಆಗದಿರುವುದು, ಎದೆ ಡವಗುಟ್ಟಿ ಉಸಿರು ಕಟ್ಟಿದಂತಾಗುವುದು, ನಾನಿಲ್ಲದಿದ್ದರೆ ಎಲ್ಲರಿಗೂ ಒಳ್ಳೆಯದು ಎಂಬ ಯೋಚನೆ. ಕೊನೆಯದೊಂದಕ್ಕೆ ಎರಡು ವಾರ ಕಾಯಬೇಡಿ. ಬಂದ ದಿನವೇ ಯಾರಿಗಾದರೂ ಹೇಳಿ.

ಯಾರನ್ನು ಸಂಪರ್ಕಿಸುವುದು?

ಟೆಲಿ ಮನಸ್, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. 1800 891 4416 ಕೂಡ ಅದೇ ಸೇವೆ. ಫೋನ್ ಎತ್ತಿಕೊಂಡಾಗ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದಿದ್ದರೆ "ನಾನು ಕಾಲೇಜು ಓದ್ತಿದೀನಿ, ಎರಡು ವಾರದಿಂದ ನಿದ್ದೆ ಇಲ್ಲ" ಅಂದರೆ ಸಾಕು, ಮುಂದಿನದನ್ನು ಅವರೇ ಕೇಳುತ್ತಾರೆ. ಬೇಕಿದ್ದರೆ ತಜ್ಞರಿಗೆ ದಾಟಿಸುತ್ತಾರೆ.

ಊರಲ್ಲಿರುವಾಗಲೇ ತೋರಿಸಬೇಕೆಂದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಿ. ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇವೆ. "ನಿಮ್ಹಾನ್ಸ್‌ಗೆ ಹೋದ್ರೆ ಹುಚ್ಚು ಅಂತಾರೆ" ಎಂಬ ಮಾತು ಇನ್ನೂ ಇದೆ. ಮೂಳೆ ಮುರಿದರೆ ಆಸ್ಪತ್ರೆಗೆ ಹೋಗುವ ಹಾಗೆಯೇ ಇದು. ನನ್ನ ವಿದ್ಯಾರ್ಥಿಗಳಲ್ಲಿ ಚಿಕಿತ್ಸೆ ಪಡೆಯುತ್ತಲೇ ಡಿಗ್ರಿ ಮುಗಿಸಿದವರಿದ್ದಾರೆ.

ಕಾಲೇಜಿನಲ್ಲಿ ಆಪ್ತಸಮಾಲೋಚಕರು ಇದ್ದಾರೆಯೇ ಎಂದು ಕೇಳಿ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರೋ ಮನಶ್ಶಾಸ್ತ್ರಜ್ಞರೋ ಸಮಾಜಕಾರ್ಯಕರ್ತರೋ ಇರಬೇಕು, ಟೆಲಿ ಮನಸ್‌ನಂಥ ಸಹಾಯವಾಣಿಯ ಸಂಖ್ಯೆಯನ್ನು ಹಾಸ್ಟೆಲ್, ತರಗತಿಗಳಲ್ಲಿ ಎದ್ದುಕಾಣುವಂತೆ ಹಾಕಬೇಕು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ಹೇಳಿದೆ. ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೆ ನಾಲ್ಕು ಜನ ಸೇರಿ ಪ್ರಾಂಶುಪಾಲರಿಗೆ ಒಂದು ಪತ್ರ ಕೊಡಿ.

ಗೆಳೆಯನ ಬಗ್ಗೆ ಅನುಮಾನ ಬಂದರೆ ಸುತ್ತಿಬಳಸಬೇಡಿ. "ಸಾಯ್ಬೇಕು ಅಂತ ಅನ್ನಿಸ್ತಿದೆಯಾ?" ಎಂದು ನೇರವಾಗಿ, ಮೆತ್ತಗೆ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬ ಭಯ ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಪಕ್ಕದಲ್ಲೇ ಕೂತು 14416ಕ್ಕೆ ಕರೆ ಮಾಡಿ, ವಾರ್ಡನ್‌ಗೋ ಮನೆಯವರಿಗೋ ತಿಳಿಸಿ. ಅಪಾಯ ಕಣ್ಣೆದುರೇ ಇದ್ದರೆ 112. "ಯಾರಿಗೂ ಹೇಳ್ಬೇಡ" ಎಂದು ಆಣೆ ಹಾಕಿಸಿಕೊಂಡಿದ್ದರೂ ಹೇಳಿ. ಅವನ ಸಿಟ್ಟು ನಾಳೆ ಇಳಿಯುತ್ತದೆ.

ಹಂತ 7: ಕ್ಲಾಸು ಶುರುವಾಗುವ ಹಿಂದಿನ ಮಧ್ಯಾಹ್ನ ರೂಮಿನಲ್ಲಿರಿ

ರಾತ್ರಿ ಬಸ್ಸು ಹತ್ತಿ, ಬೆಳಗಿನ ಆರಕ್ಕೆ ಇಳಿದು, ಮುಖ ತೊಳೆದು ಒಂಬತ್ತರ ಕ್ಲಾಸಿಗೆ ಹೋಗುವುದು ಹಲವರ ಅಭ್ಯಾಸ. ಹಬ್ಬದ ಕೊನೆಯ ಭಾನುವಾರ ಊರುಗಳಿಂದ ಬರುವ ಬಸ್ಸೆಲ್ಲ ನೆಲಮಂಗಲದಿಂದಾಚೆಗೆ ಆಮೆಯಂತೆ ತೆವಳುತ್ತವೆ. ಆರಕ್ಕೆ ಇಳಿಯಬೇಕಾದವರು ಎಂಟೂವರೆಗೆ ಇಳಿಯುತ್ತಾರೆ. ಒಂಬತ್ತು ದಿನ ಮಲಗಿ ಗಳಿಸಿದ್ದು ಆ ಒಂದು ರಾತ್ರಿಯಲ್ಲಿ ಹೋಗುತ್ತದೆ. ಮರುದಿನ ಇಂಟರ್ನಲ್ಸ್ ಇದ್ದರಂತೂ ಕೇಳಲೇಬೇಡಿ.

ಆದ್ದರಿಂದ ಕ್ಲಾಸು ಸೋಮವಾರವಾದರೆ ಭಾನುವಾರ ಬೆಳಗಿನ ಬಸ್ಸು. "ಇನ್ನೊಂದಿನ ಇರು" ಎಂದು ಅಜ್ಜಿ ಕೈ ಹಿಡಿದುಕೊಂಡಾಗ ಬಿಡಿಸಿಕೊಳ್ಳುವುದು ಕಷ್ಟ, ಅದಕ್ಕೇ ಟಿಕೆಟ್ ಮೊದಲೇ ಮಾಡಿಸಿ ಅಂದದ್ದು.

ರೂಮಿಗೆ ಬಂದ ಮೇಲೆ ಬಾಗಿಲು ಕಿಟಕಿ ತೆರೆದು ಗಾಳಿ ಆಡಲು ಬಿಡಿ, ಹಾಸಿಗೆ ಕೊಡವಿ, ಹೋಗುವಾಗ ಬಕೆಟ್ಟಿನಲ್ಲಿ ಬಿಟ್ಟುಹೋದ ಬಟ್ಟೆ ಒಗೆದು ಹಾಕಿ. ಹಂತ 1ರ ಹಾಳೆ ತೆಗೆದು "ಬಂದ ಮೇಲೆ" ಎಂದು ಗುರುತು ಹಾಕಿದ ಕೆಲಸಗಳಿಗೆ ಆ ವಾರದ ದಿನ ಹಂಚಿ. ಐಡಿ ಕಾರ್ಡು, ಬಸ್ ಪಾಸು, ಮೊದಲ ಪೀರಿಯಡ್ಡಿನ ನೋಟ್ಸು ಚೀಲಕ್ಕೆ ಹಾಕಿಡಿ. ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿ ರೂಮ್‌ಮೇಟ್‌ಗೂ ಕೈಗೆಟಕುವ ಕಡೆ ಇರಲಿ. ಹತ್ತೂವರೆಗೆ ದೀಪ ಆರಿಸಿ.